ಅಳೀದೇವ್ರಿಗೆ ವಸಿ ಯೋಳವ್ವ

ಸ್ಟುಡಿಯೋದ ಫೋನು ನಾಲ್ಕು ಶನಿವಾರಗಳಿಂದ ಒಮ್ಮೆಯೂ ಹೊಡೆದುಕೊಂಡಿರಲಿಲ್ಲ. ಅಂದಾನಿಯ ಪಾಡು ಶುರುವಾದದ್ದೇ ಅಲ್ಲಿಂದ.

ವಾರದ ಐದು ದಿನ ಚೆನ್ನೈನ ಪೆರುಂಗುಡಿಯ ಆಫೀಸಿನಲ್ಲಿ ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅವನ ಕೆಲಸ. ಮನೆಯಲ್ಲಿ ಹೆಂಡತಿ ಬೃಂದಾ ಹೇಳಿದ್ದಕ್ಕೂ ಅದೇ. ಆದರೆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಪಕ್ಕದ ಕಾಲೇಜಿನ ಸಮುದಾಯ ರೇಡಿಯೋದಲ್ಲಿ, ಹಳ್ಳಿಯ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಅರ್ಧ ಗಂಟೆ ಅವನು ಮಾತಾಡುತ್ತಾನೆ, ಜಗತ್ತು ಕೇಳುತ್ತದೆ. ಕೇಳುತ್ತದೆ ಎಂದು ಅವನು ನಂಬಿದ್ದ.

ರೇಡಿಯೋ ನೋಡಿಕೊಳ್ಳುವ ಊರ್ಮಿಳಾ ಮೇಡಂ ನಂಬಿರಲಿಲ್ಲ. "ಈ ವಾರ ಮೂರು ಜನಾನಾದ್ರೂ ಫೋನ್ ಮಾಡ್ಲಿಲ್ಲ ಅಂದ್ರೆ ನಿಮ್ಮ ಟೈಮನ್ನ ತಮಿಳು ತೋಟಗಾರಿಕೆಗೆ ಕೊಟ್ಬಿಡ್ತೀನಿ ಸಾರ್. ತಪ್ಪು ತಿಳ್ಕೋಬೇಡಿ" ಎಂದಿದ್ದರು. ಅಂದಾನಿಗೆ ವಾರವಿಡೀ ಊಟ ಸೇರಲಿಲ್ಲ. ಆ ಅರ್ಧ ಗಂಟೆಯೂ ಹೋದರೆ ತನ್ನ ಬಾಯಿ ಇರುವುದು ತಲೆಯಾಡಿಸುವಾಗ ಜೊತೆಗೆ ಅಲ್ಲಾಡಲಿಕ್ಕೆ ಮಾತ್ರ ಎನಿಸಿತು.

ಶನಿವಾರ ಸ್ನಾನಕ್ಕೂ ಮುಂಚೆ ಎದುರು ಮನೆಯ ಬಾಗಿಲು ತಟ್ಟಿದ. ಪಂಢರಿನಾಥರಾಯರದು ಮೂರು ತಲೆಮಾರಿನ ಮದ್ರಾಸು ವಾಸ, ಮನೆಮಂದಿಯ ಕನ್ನಡದಲ್ಲಿ ಅರ್ಧ ತಮಿಳು. ಅವರಿಗೊಂದು, ಅವರ ಹೆಂಡತಿ ಜಯಲಕ್ಷ್ಮಮ್ಮನವರಿಗೊಂದು, ಪ್ರಶ್ನೆ ಬರೆದ ಚೀಟಿ ಕೊಟ್ಟ.

"ಕಂಡಿಪ್ಪಾ, ಖಂಡಿತ ಮಾಡ್ತೀವಿ. ಅಂಬಲಿ ಅಂದ್ರೆ ಇಲ್ಲಿ ಬೀದೀಲಿ ಮಾರ್ತಾರಲ್ಲ, ಕೂಳು, ಅದು ತಾನೆ?" ಎಂದರು ರಾಯರು.

ಮೂರನೆಯ ಪ್ರಶ್ನೆ ಆಫೀಸಿನ ಗೆಳೆಯ ಮಂಜುನಾಥನ ಮೊಬೈಲಿಗೆ ಹೋಯಿತು. ಸ್ವಂತ ಮನೆಯಲ್ಲಿ ಕೇಳುವ ಯೋಚನೆ ಅವನಿಗೆ ಬರಲೇ ಇಲ್ಲ. ಮನೆಯಲ್ಲಿದ್ದವರು ಬೃಂದಾ ಮತ್ತು ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದಿದ್ದ ಅತ್ತೆ ಸಣ್ಣಮ್ಮ. ಅಳಿಯನ ಎದುರು ನಿಂತು ಮಾತಾಡುವುದು ಆಕೆಯ ಕಾಲದಲ್ಲಿ ಇರಲಿಲ್ಲ, ಈಗಲೂ ಇಲ್ಲ. ಬಂದು ಇಪ್ಪತ್ತು ದಿನವಾದರೂ ಬಾಗಿಲ ಮರೆಯಿಂದ "ಅವ್ರಿಗೆ ಸಾರು ಬೇಕಾ ಕೇಳವ್ವ" ಎಂದು ಮಗಳಿಗೆ ಹೇಳುತ್ತಿದ್ದರು. ಮೂರು ಮಾರು ದೂರದಲ್ಲಿ ಕೂತ ಅಂದಾನಿಯೂ "ಸಾಕು ಅಂತ ಹೇಳು" ಎಂದು ಬೃಂದಾಳ ಮೂಲಕವೇ ಉತ್ತರ ಕಳಿಸುತ್ತಿದ್ದ.

ಹತ್ತು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಇಂಟರ್‌ನೆಟ್ಟಿನಿಂದ ಬರೆದುಕೊಂಡದ್ದನ್ನು ಅಂದಾನಿ ಗಂಭೀರವಾಗಿ ಓದಿದ. "ಕುದಿಯುವ ನೀರಿಗೆ ನಾಲ್ಕು ಚಮಚ ರಾಗಿ ಹಿಟ್ಟನ್ನು ಸುರಿಯಿರಿ. ಅಂಬಲಿ ಸಿದ್ಧವಾಗುತ್ತದೆ."

ಫೋನು ಹೊಡೆದುಕೊಂಡಿತು. ಅಂದಾನಿಯ ಎದೆ ಅರಳಿತು.

"ಅಂಬಲಿ ಕುಡಿದರೆ ಏನು ಲಾಭ," ರಾಯರ ಧ್ವನಿ, ಕಚೇರಿಯ ಸುತ್ತೋಲೆ ಓದಿದ ಹಾಗೆ. "ಇಲ್ಲಿ ಸ್ವಲ್ಪ ಯೋಚಿಸಿದಂತೆ ನಿಲ್ಲಿಸಿ. ನಿಮ್ಮ ಕಾರ್ಯಕ್ರಮ ಪ್ರತಿ ವಾರ ಕೇಳುತ್ತೇನೆ."

ಊರ್ಮಿಳಾ ಹುಬ್ಬೇರಿಸಿದರು. ಮತ್ತೆ ಫೋನು.

"ಅಂದಾನಿ ಸಾರ್, ಜಯಲಕ್ಷ್ಮೀ ಮಾತಾಡೋದು. ಚೀಟಿ ಎಲ್ಲಿಟ್ಟೆನೋ ತೆರೀಲೆ. ಕ್ವಶ್ಚನ್ ಇನ್ನೊಂದ್ ತಡವೆ ಹೇಳಿ, ಕೇಳ್ತೀನಿ."

ಅಂದಾನಿ ಬೆವರಿದ. ಊರ್ಮಿಳಾ ಒಂದು ಹಾಳೆಯ ಮೇಲೆ 'ಇವೆರಡೂ ಲೆಕ್ಕಕ್ಕಿಲ್ಲ' ಎಂದು ಬರೆದು ಅವನತ್ತ ತಳ್ಳಿದರು. ಮಂಜುನಾಥ ಇನ್ನೂ ಹಾಸಿಗೆಯಲ್ಲಿದ್ದ. ಅಷ್ಟರಲ್ಲಿ ಮೂರನೆಯ ಸಲ ಫೋನು.

"ಅವ್ವಾ, ಅಲ್ಲಿ ನಮ್ಮ ಅಳೀದೇವ್ರು ಕುಂತವ್ರಲ್ಲ, ಅವ್ರಿಗೆ ವಸಿ ಯೋಳವ್ವ," ಎಂದಿತು ಹೆಂಗಸಿನ ದನಿ. "ಕುದಿಯೋ ನೀರ್ಗೆ ಒಣಾ ಹಿಟ್ಟು ಸುರುದ್ರೆ ಗಂಟಾಯ್ತದೆ. ಮದ್ಲು ತಣ್ಣೀರಲ್ಲಿ ಕದಡ್ಕಬೇಕು."

ಅಂದಾನಿಗೆ ಕುರ್ಚಿಯ ಕೆಳಗೆ ಸೇರಿಕೊಳ್ಳುವಷ್ಟು ನಾಚಿಕೆಯಾಯಿತು. ಊರ್ಮಿಳಾ ಅವನ ಕಡೆ ತಿರುಗಿ, "ಸಾರ್, ಗಂಟಾಗುತ್ತಂತೆ" ಎಂದರು.

"ಕದಡಿದ ಮೇಲೆ ಏನು ಮಾಡ್ಬೇಕು ಅಂತ ಕೇಳಿ" ಎಂದುಬಿಟ್ಟ ಅಂದಾನಿ, ಮನೆಯ ರೂಢಿಯಂತೆ, ಊರ್ಮಿಳಾಗೆ.

"ತಿರುವ್ತಾ ತಿರುವ್ತಾ ಬೇಯ್ಸಿ, ರಾತ್ರಿಯೆಲ್ಲ ಮಡ್ಗಿ, ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಹಾಕ್ಬೇಕು. ಅಳೀದೇವ್ರು ಬೇಜಾರ್ ಮಾಡ್ಕಬ್ಯಾಡ್ದು ಅಂತ ಯೋಳವ್ವ. ವಾರದಿಂದ ಉಣ್ಣದೆ ಸಣ್ಣಗಾಗವ್ರೆ, ನೋಡಕ್ಕಾಗಕಿಲ್ಲ ಅಂತಲೂ ಯೋಳವ್ವ."

ಇಪ್ಪತ್ತು ದಿನದಲ್ಲಿ ಆಕೆ ಅವನ ಮುಖ ನೋಡಿದ್ದಾರೆಂದೇ ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಫೋನು ಸುಮ್ಮನಾಗಲೇ ಇಲ್ಲ. ಕಟ್ಟಡ ಕೆಲಸಕ್ಕೆ ಬಂದ ರಾಯಚೂರಿನವನೊಬ್ಬ, ಬೆಸೆಂಟ್ ನಗರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹಾಸನದವಳೊಬ್ಬಳು, ಹೀಗೆ ಒಂಬತ್ತು ಜನ. ಎಲ್ಲರೂ ಕೇಳಿದ್ದು ಒಂದೇ, ಆ ಅಮ್ಮ ಮತ್ತೆ ಯಾವಾಗ ಮಾತಾಡ್ತಾರೆ.

"ನಿಮ್ಮ ಕಾರ್ಯಕ್ರಮ ಉಳೀತು ಸಾರ್," ಎಂದರು ಊರ್ಮಿಳಾ. "ಕೇಳೋರೇ ಮಾತಾಡೋರಾಗ್ಬೇಕು, ಅದಕ್ಕೇ ಅಲ್ವಾ ಈ ರೇಡಿಯೋ ಇರೋದು. ಮುಂದಿನ ವಾರದಿಂದ ಅತ್ತೆಯವರನ್ನ ಕರ್ಕೊಂಡ್ ಬನ್ನಿ."

ಅಂದಾನಿ ಹಿಗ್ಗಿ ಮನೆಗೆ ಬಂದ. ತಾನು ಪ್ರಶ್ನೆ ಕೇಳುವುದು, ಅತ್ತೆ ಉತ್ತರಿಸುವುದು, ನಡುವೆ ಊರ್ಮಿಳಾ. ಎಲ್ಲವನ್ನೂ ಬೃಂದಾಳಿಗೆ ವಿವರಿಸಿದ. ಬೃಂದಾ ಅಡುಗೆಮನೆಗೆ ಹೋಗಿ, ಬಹಳ ಹೊತ್ತು ಪಿಸುಗುಟ್ಟಿ, ಹೊರಗೆ ಬಂದಳು.

"ಅವ್ವ ಬರ್ತಾರಂತೆ," ಎಂದಳು. "ಆದ್ರೆ ಒಂದೇ ರೂಮಲ್ಲಿ ಅಳಿಯನ ಎದುರು ಕೂತು ಮಾತಾಡೋಕಾಗಲ್ವಂತೆ. ನೀವು ಮನೇಲೇ ಇರ್ಬೇಕಂತೆ."

ಅಂದಾನಿ ಬಾಯಿ ತೆರೆದ. ಅಡುಗೆಮನೆಯಿಂದ ಮತ್ತೇನೋ ಪಿಸುಮಾತು. ಬೃಂದಾ ಬಾಗಿಲಿಗೆ ಕಿವಿಕೊಟ್ಟು ಕೇಳಿಸಿಕೊಂಡು ಇವನತ್ತ ತಿರುಗಿದಳು.

"ಏನಾದ್ರೂ ಕೇಳೋದಿದ್ರೆ, ಫೋನ್ ಮಾಡ್ಬಹುದಂತೆ."