ಬಾಣಂತಿಯ ಕತ್ತಿಗೆ ನಾನು ಬಳಿದ ಎಣ್ಣೆಗಳು

ವಾದದಲ್ಲಿ ಸೋತವನಿಗೆ ಒಂದು ಸೌಕರ್ಯವಿದೆ. ಅವನು ಮನೆಗೆ ಹೋಗಿ, ಊಟ ಮಾಡಿ, ನೆಮ್ಮದಿಯಿಂದ ಮಲಗಬಹುದು. ಗೆದ್ದವನ ಪಾಡು ಹಾಗಲ್ಲ. ವೇದಿಕೆಯ ಮೇಲೆ ಆಡಿದ ಮಾತಿಗೆ ತಕ್ಕಂತೆ ಅವನು ಮರುದಿನದಿಂದ ಬದುಕಿ ತೋರಿಸಬೇಕು. ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದಾಗ ನಾನು ಭಾಗವಹಿಸಿದ ಚರ್ಚಾಕೂಟಗಳಲ್ಲಿ ಗೆದ್ದದ್ದೇ ಹೆಚ್ಚೆಂಬುದನ್ನು ಇಲ್ಲಿ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಪಂಚಾಂಗ, ಶಕುನ, ರಾಹುಕಾಲ, ದೃಷ್ಟಿದೋಷ ಇವೆಲ್ಲವೂ ನನ್ನ ಕೈಯಲ್ಲಿ ಹಲವು ಬಾರಿ ಖಂಡನೆಗೊಳಗಾಗಿ, ಪ್ರತಿ ಬಾರಿಯೂ ಚಪ್ಪಾಳೆಯ ನಡುವೆ ಅಸುನೀಗಿದ್ದವು. ಅವು ನಿಜವಾಗಿ ಸತ್ತಿರಲಿಲ್ಲ, ಹೊನ್ನಾವರದಲ್ಲಿ ನನಗಾಗಿ ಕಾದು ಕುಳಿತಿದ್ದವು ಎಂಬುದು ತಿಳಿದದ್ದು, ಅಲ್ಲಿನ ಶಾಲೆಯಲ್ಲಿ ಮಾಸ್ತರನಾಗಿ ಸಂಸಾರ ಹೂಡಿದ ಮೇಲೆ.

ನಮ್ಮ ಕಡೆಯ ಮನೆಗಳಲ್ಲಿ ಬಾಣಂತಿಯ ತಲೆದಿಂಬಿನ ಕೆಳಗೆ ಒಂದು ಸಣ್ಣ ಕತ್ತಿ ಇಡುವ ಪದ್ಧತಿಯುಂಟು. ಮಗು ತೊಟ್ಟಿಲಿಗೆ ಹೋದ ಮೇಲೆ ಕತ್ತಿಯೂ ಅದರ ಹಿಂದೆಯೇ ತೊಟ್ಟಿಲ ಹಾಸಿಗೆಯ ಅಡಿಗೆ ಹೋಗುತ್ತದೆ. ಕಬ್ಬಿಣವಿದ್ದಲ್ಲಿ ಕೆಟ್ಟದ್ದು ಸುಳಿಯದೆಂಬುದು ನಂಬಿಕೆ. ಮೂರು ತಿಂಗಳು ತುಂಬುವವರೆಗೆ ಅದನ್ನು ತೆಗೆಯುವಂತಿಲ್ಲ. ನನ್ನ ಹೆಂಡತಿ ಶಾರದೆ ಮೊದಲ ಹೆರಿಗೆಗೆಂದು ಮುರ್ಡೇಶ್ವರದ ತವರಿಗೆ ಹೋದಾಗ, ನಾನು ಅತ್ತೆಯವರಿಗೆ ನಾಲ್ಕು ಪುಟಗಳ ಪತ್ರ ಬರೆದು ಈ ಪದ್ಧತಿಯ ನಿರರ್ಥಕತೆಯನ್ನು ಅಂಶಾಂಶವಾಗಿ ಸಾಧಿಸಿ ತೋರಿಸಿದ್ದೆ. ಓದಿದ ಅಳಿಯನ ಮಾತಿಗೆ ಬೆಲೆ ಕೊಟ್ಟು ಅವರು ಕತ್ತಿಯನ್ನು ತೆಗೆದು ಅಟ್ಟದ ಮೇಲಿಟ್ಟರು. ಮಗು ಎಂಟನೆಯ ದಿನ ಜ್ವರ ಬಂದು ತೀರಿಕೊಂಡಿತು. ಜ್ವರದ ಕಾರಣವನ್ನು ಡಾಕ್ಟರು ವಿವರಿಸಿದರು. ಆ ವಿವರಣೆಯಲ್ಲಿ ಕತ್ತಿಗೆ ಎಲ್ಲಿಯೂ ಸ್ಥಾನವಿರಲಿಲ್ಲ. ಅತ್ತೆಯವರಾಗಲಿ ಶಾರದೆಯಾಗಲಿ ಇಂದಿನವರೆಗೆ ಆ ಪತ್ರದ ಸುದ್ದಿ ಎತ್ತಿಲ್ಲ. ಎದುರಾಳಿ ಮಾತೇ ಆಡದಿದ್ದರೆ ಏನು ಮಾಡಬೇಕೆಂಬುದನ್ನು ಯಾವ ಚರ್ಚಾಕೂಟವೂ ನನಗೆ ಕಲಿಸಿರಲಿಲ್ಲ.

ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಆಷಾಢದಲ್ಲಿ, ಹೊನ್ನಾವರದ ನಮ್ಮ ಬಾಡಿಗೆ ಮನೆಯಲ್ಲಿಯೇ ಎರಡನೆಯ ಮಗು ಹುಟ್ಟಿತು, ಹೆಣ್ಣು. ಲಾಂಚಿನಲ್ಲಿ ಹೊಳೆ ದಾಟಿ ಬಂದ ಅತ್ತೆಯವರ ಗಂಟಿನಲ್ಲಿ ಕತ್ತಿ ಇದೆಯೆಂಬುದು ತಿಳಿದೂ ನಾನು ಬಾಯಿ ಬಿಡಲಿಲ್ಲ. ತತ್ತ್ವವನ್ನು ಕೈಬಿಟ್ಟೆನೆಂದಲ್ಲ, ಚರ್ಚೆಯನ್ನು ಮುಂದೂಡಿದೆ. ಶಾರದೆ ದಿಂಬಿನ ಕೆಳಗೆ ಕೈ ಹಾಕಿ, ಕತ್ತಿಯ ಹಿಡಿ ಮುಟ್ಟಿ ನೋಡಿ, ಆಮೇಲೆ ನಿದ್ದೆ ಹೋಗುತ್ತಿದ್ದಳು. ಆ ನಿದ್ದೆಯ ವಿರುದ್ಧ ಮಂಡಿಸಬಹುದಾದ ವಾದ ನನ್ನಲ್ಲಿರಲಿಲ್ಲ.

ಆದರೆ ವಾದ ಮಂಡಿಸಲು ಸಮುದ್ರವಿತ್ತು. ನಮ್ಮೂರ ಗಾಳಿ ಉಪ್ಪಿನ ಗಾಳಿ. ಅದು ಬಾಗಿಲ ಬಿಜಾಗರಿಯನ್ನು ತಿನ್ನುತ್ತದೆ, ಕೊಡೆಯ ಕಡ್ಡಿಗಳನ್ನು ತಿನ್ನುತ್ತದೆ, ಶಾಲೆಯಲ್ಲಿ ನನ್ನ ಹಾಜರಿ ಪುಸ್ತಕಕ್ಕೆ ಚುಚ್ಚಿದ್ದ ಗುಂಡುಸೂಜಿಯನ್ನೂ ಬಿಟ್ಟಿರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಶಾರದೆ ಕತ್ತಿಯನ್ನು ಹೊರತೆಗೆದಳು. ಅಲಗಿನ ತುಂಬ ಕೆಂಪು ಚುಕ್ಕೆಗಳು.

“ಆಯಿ, ಇದ್ಕೆ ತುಕ್ಕು ಬಂತು” ಎಂದಳು.

“ತುಕ್ಕು ಹಿಡ್ದ ಕತ್ತಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ” ಎಂದರು ಅತ್ತೆಯವರು, ಮಗುವಿನ ಬಟ್ಟೆ ಮಡಚುತ್ತ.

ಶಾರದೆ ಆ ಮಧ್ಯಾಹ್ನ ಕಣ್ಣು ಮುಚ್ಚಲಿಲ್ಲ. ಮಗುವಿನ ಮೂಗಿನ ಬಳಿ ಬೆರಳು ಹಿಡಿದು, ಉಸಿರು ಬರುತ್ತಿದೆಯೇ ಎಂದು ನೋಡುತ್ತ ಕುಳಿತಳು. ನಾನು ಹತ್ತಿರ ಕುಳಿತು, ಕಬ್ಬಿಣ, ತೇವ ಮತ್ತು ಲವಣ ಇವುಗಳ ಪರಸ್ಪರ ಸಂಬಂಧವನ್ನು ಸಾಧ್ಯವಾದಷ್ಟು ಸರಳವಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. “ಅಷ್ಟೆಲ್ಲ ಗೊತ್ತಿದ್ರೆ ತುಕ್ಕು ಬರದ ಹಾಗೆ ಮಾಡಿ ಕೊಡಿ. ವಿಜ್ಞಾನ ಅಂದ್ರೆ ಅದೇ ಅಲ್ವ” ಎಂದಳು.

ಹೀಗೆ, ಮೂಢನಂಬಿಕೆಯನ್ನು ಬೇರುಸಹಿತ ಕೀಳಲು ಹೊರಟವನು ಅದರ ಅಲಗನ್ನು ಒರೆಸಿ ಹೊಳಪು ಕೊಡುವ ಕೆಲಸಕ್ಕೆ ನೇಮಕಗೊಂಡೆ.

ಮೊದಲು ತೆಂಗಿನೆಣ್ಣೆ ಬಳಿದೆ. ಮನೆಯಲ್ಲಿದ್ದ ವಸ್ತು, ಸ್ವದೇಶಿ, ನಿರಪಾಯಕಾರಿ. ಮರುದಿನ ಬೆಳಿಗ್ಗೆ ಗೋಡೆಯ ಬಿರುಕಿನಿಂದ ಹೊರಟ ಇರುವೆಗಳ ಸಾಲು ಶಿಸ್ತಿನಿಂದ ದಿಂಬಿನ ಕಡೆ ಸಾಗುತ್ತಿತ್ತು. ಅತ್ತೆಯವರು ಮಗುವನ್ನು ಎತ್ತಿಕೊಂಡು ನಿಂತರು. ನಾನು ಹಾಸಿಗೆ ಕೊಡವಿದೆ. ಇರುವೆಗೆ ಅಂಜಿ ಎರಡನೆಯ ಬಾರಿ ಚಿಮಣಿ ಎಣ್ಣೆ ಬಳಿದೆ. ಇರುವೆ ಬರಲಿಲ್ಲ. ಆದರೆ ಕೋಣೆಗೆ ಕಾಲಿಟ್ಟ ಅತ್ತೆಯವರು ಮೂಗು ಮುಚ್ಚಿಕೊಂಡು, “ಎಂತ ಅಳಿಯಂದ್ರೆ, ಬಾಣಂತಿ ಕೋಣೆಯೋ ದೀಪದ ಅಂಗಡಿಯೋ” ಎಂದು ಕೇಳಿ ಕತ್ತಿಯನ್ನು ಅಂಗಳಕ್ಕೆ ಒಯ್ದು ಬೂದಿಯಲ್ಲಿ ತಿಕ್ಕಿದರು. ಚಿಮಣಿ ಎಣ್ಣೆ ಗಾಳಿಗೆ ಆರಿಹೋಗುವ ವಸ್ತುವೆಂದೂ, ಹೇಗೂ ಅದು ಎರಡು ದಿನಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲವೆಂದೂ ನಾನು ಅವರ ಬೆನ್ನಿಗೆ ಹೇಳಿದೆ.

ಮೂರನೆಯ ಪ್ರಯೋಗಕ್ಕೆ ಬಂದರಿನ ಕಡೆ ಹೋದೆ. ಅಲ್ಲಿ ಲಾಂಚಿನ ಯಂತ್ರ ನೋಡಿಕೊಳ್ಳುವ ಹಸನ್ ಸಾಹೇಬರು ಭಟ್ಕಳದವರು, ನನ್ನ ಪರಿಚಿತರು. ಉಪ್ಪುನೀರಿನಲ್ಲಿಯೇ ಬದುಕುವ ಯಂತ್ರಕ್ಕೆ ತಾಗದ ತುಕ್ಕು ನನ್ನ ಕತ್ತಿಗೇಕೆ ತಾಗಬೇಕೆಂದು ತರ್ಕಿಸಿ, ಕಾರಣವನ್ನು ಮುಚ್ಚಿಟ್ಟು, ಒಂದು ಎಲೆಯಲ್ಲಿ ಗ್ರೀಸು ಬೇಡಿ ತಂದೆ. ದಪ್ಪನಾಗಿ ಬಳಿದು ಕಾಗದ ಸುತ್ತಿದೆ. ತುಕ್ಕು ನಿಂತಿತು. ಸಂಜೆಗೆ ಕಾಗದ ಸರಿದು, ದಿಂಬು, ಹೊದಿಕೆ, ಶಾರದೆಯ ಸೆರಗು, ಕೊನೆಗೆ ಮಗುವಿನ ಎಡಗೆನ್ನೆ ಇಷ್ಟೂ ಕಪ್ಪಾದವು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅತ್ತೆಯವರು ಕೆನ್ನೆಯ ಕಪ್ಪನ್ನು ಒಂದು ಕ್ಷಣ ದಿಟ್ಟಿಸಿ, “ಇರ್ಲಿ, ಒರೆಸ್ಬೇಡ ಶಾರದೆ. ದೃಷ್ಟಿಬೊಟ್ಟು ಇಡೂದು ಮರ್ತಿದ್ದೆ, ಅಪ್ಪನೇ ಇಟ್ಟದ್ದಾತು” ಎಂದರು. ದೃಷ್ಟಿದೋಷದ ವಿರುದ್ಧ ವಾದಿಸಿದ್ದಕ್ಕೆ ನನಗೆ ಬಂದಿದ್ದ ಒಂದು ಬೆಳ್ಳಿಯ ಪದಕ ಅದೇ ಕೋಣೆಯ ಗೂಡಿನಲ್ಲಿತ್ತು. ನಾನು ಆ ಕಡೆ ನೋಡಲಿಲ್ಲ.

ಎರಡನೆಯ ಬಾರಿ ಬಂದರಿಗೆ ಹೋದಾಗ ಹಸನ್ ಸಾಹೇಬರಿಗೆ ನಿಜ ಹೇಳಬೇಕಾಯಿತು. ನಗುತ್ತಾರೆಂದು ತಿಳಿದಿದ್ದೆ. ಅವರು ನಗಲಿಲ್ಲ. “ಮೊದ್ಲೇ ಹೇಳೂದಲ್ವ ಮಾಸ್ತರೆ. ತೊಟ್ಟಿಲ ಕತ್ತಿಗೆ ಯಾರಾದ್ರೂ ಇಂಜಿನ್ ಗ್ರೀಸ್ ಹಾಕ್ತಾರಾ? ನಮ್ಮ ಮನೇಲೂ ಇಡ್ತಾರೆ. ಕತ್ತಿ ಬೂದಿಯಲ್ಲಿ ತಿಕ್ಕಿ, ತೊಳ್ದು, ಬೆಂಕಿ ಹತ್ರ ಹಿಡ್ದು ಪೂರಾ ಒಣಗ್ಸಿ. ನೀರಿನ ಹನಿ ಒಳಗೆ ಉಳಿದ್ರೆ ಮೇಲೆ ಎಂತ ಬಳಿದ್ರೂ ಅಡಿಯಿಂದ ತುಕ್ಕು ಏಳ್ತದೆ. ಕತ್ತಿ ಬಿಸಿ ಇರುವಾಗ್ಲೇ ಜೇನುಮೇಣಕ್ಕೆ ಚೂರು ಹರಳೆಣ್ಣೆ ಸೇರ್ಸಿ ಕರಗ್ಸಿ, ಬಟ್ಟೆಯಲ್ಲಿ ತೆಳ್ಳಗೆ ಉಜ್ಜಿ. ತೆಳ್ಳಗೆ. ಭಾಷಣದ ಹಾಗೆ ದಪ್ಪ ಬೇಡ” ಎಂದರು.

ಬಾಣಂತಿಗೆ ಕಾಯಿಸಲೆಂದು ಮನೆಯಲ್ಲಿ ಅಗ್ಗಿಷ್ಟಿಕೆ ಹೇಗೂ ಉರಿಯುತ್ತಿತ್ತು. ಹೇಳಿದಂತೆ ಮಾಡಿದೆ. ಅಲಗಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕೂತಿತು. ಇರುವೆಯಿಲ್ಲ, ವಾಸನೆಯಿಲ್ಲ, ಕಲೆಯಿಲ್ಲ. ಮಗು ಹುಟ್ಟಿದ ಎಂಟನೆಯ ದಿನ ಬೆಳಿಗ್ಗೆ ಶಾರದೆ ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು. ಆಮೇಲೆ ದಿಂಬಿನ ಕೆಳಗಿಟ್ಟು ಗೋಡೆಯ ಕಡೆ ಹೊರಳಿ ಮಲಗಿದಳು. ನಾನು ಆ ದಿನ ಶಾಲೆಗೆ ಹೋಗಲಿಲ್ಲ. ತಲೆನೋವೆಂದು ಚೀಟಿ ಬರೆದು ಕಳಿಸಿ, ಜಗಲಿಯಲ್ಲಿ ಕುಳಿತು, ಒಳಗಿನಿಂದ ಮಗು ಅತ್ತಾಗಲೆಲ್ಲ ಸಂತೋಷಪಟ್ಟೆ.

ಮಗು ಬೆಳೆಯಿತು, ಅದರೊಂದಿಗೆ ನನ್ನ ಕೀರ್ತಿಯೂ. ಆಚೆಮನೆಯ ನಾಗವೇಣಮ್ಮ ತಮ್ಮ ಮಗಳ ಬಾಣಂತನದ ಕತ್ತಿ ತಂದು, “ನಿಮ್ಮದು ಹೊಳೀತದಂತಲ್ಲ, ಇದ್ಕೂ ಒಂದು ಕೈ ಹಾಕಿ ಕೊಡಿ” ಎಂದರು. ಇದು ಕೇವಲ ಮೇಣ, ಇದರಲ್ಲಿ ಯಾವ ಶಕ್ತಿಯೂ ಇಲ್ಲವೆಂದು ನಾನು ಸ್ಪಷ್ಟಪಡಿಸಿದೆ. “ಗೊತ್ತುಂಟು, ಗೊತ್ತುಂಟು, ಬಾಯಿಬಿಟ್ಟು ಹೇಳಿದ್ರೆ ಶಕ್ತಿ ಹೋಗ್ತದೆ” ಎಂದು ಅವರು ಧ್ವನಿ ತಗ್ಗಿಸಿದರು. ಶ್ರಾವಣ ಮುಗಿಯುವಷ್ಟರಲ್ಲಿ ನಮ್ಮ ಜಗಲಿಯ ಮೇಲೆ ಕತ್ತಿಗಳ ಸಾಲು ನಿಂತಿತ್ತು. ಇದರ ನಡುವೆ, ಮೊದಲೇ ಒಪ್ಪಿಕೊಂಡಿದ್ದರಿಂದ, ಕುಮಟೆಯ ಒಂದು ವಾಚನಾಲಯದಲ್ಲಿ ಮೂಢನಂಬಿಕೆಯ ಕುರಿತು ಮಾತನಾಡಿ ಬಂದೆ. ಮಾತು ಚೆನ್ನಾಗಿಯೇ ಆಯಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯ ವಕೀಲರು ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದು, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, “ನಿಮ್ಮಲ್ಲಿ ಎಂತದೋ ಮೇಣ ಉಂಟಂತೆ. ನಮ್ಮ ಸೊಸೆಗೆ ಏಳು ತಿಂಗಳು” ಎಂದರು. ಮರುದಿನದ ಬಸ್ಸಿಗೆ ಕಳಿಸಿಕೊಟ್ಟೆ.

ಮೂರು ತಿಂಗಳು ತುಂಬಿದವು. ಅತ್ತೆಯವರು ಊರಿಗೆ ಹೊರಟರು. ಗಂಟು ಕಟ್ಟುತ್ತ, “ಶಾರದೆ, ಆ ಕತ್ತಿ ಕೊಡು. ಇನ್ನೆಂತಕ್ಕೆ ಅದು” ಎಂದರು. ಶಾರದೆ ಯಾವ ಅಳುಕೂ ಇಲ್ಲದೆ ತೊಟ್ಟಿಲ ಹಾಸಿಗೆ ಎತ್ತಿ ಕತ್ತಿ ತೆಗೆದು ತಾಯಿಯ ಕೈಗಿತ್ತಳು. ಮಗು ಅದೇ ಹೊತ್ತಿಗೆ ಒಂದು ಸಲ ಸೀನಿತು.

ನಾನು ಎದ್ದು ನಿಂತೆ. ಮೇಣದ ಪದರ ಇನ್ನೂ ಪರೀಕ್ಷಾವಸ್ಥೆಯಲ್ಲಿದೆ ಎಂದೆ. ಲಾಂಚಿನಲ್ಲಿ ಉಪ್ಪುನೀರು ಸಿಡಿದರೆ ಮೂರು ತಿಂಗಳ ಶ್ರಮ ಒಂದು ಗಳಿಗೆಯಲ್ಲಿ ನಾಶವಾಗುತ್ತದೆ ಎಂದೆ. ಯಾವುದೇ ಪ್ರಯೋಗವನ್ನು ಒಂದು ಪೂರ್ಣ ವರ್ಷ, ಎಲ್ಲ ಋತುಗಳಲ್ಲಿಯೂ ನಡೆಸದೆ ತೀರ್ಮಾನಕ್ಕೆ ಬರುವುದು ವಿಜ್ಞಾನಕ್ಕೆ ಮಾಡುವ ಅಪಚಾರವೆಂದೆ. ಪ್ರಯೋಗ ನಡೆದ ಸ್ಥಳವನ್ನು, ಅಂದರೆ ತೊಟ್ಟಿಲನ್ನು, ನಡುವೆ ಬದಲಿಸಿದರೆ ಫಲಿತಾಂಶ ಕೆಡುತ್ತದೆಂಬುದನ್ನೂ ಸೇರಿಸಿದೆ. ವಾದ ಅಚ್ಚುಕಟ್ಟಾಗಿತ್ತು. ಧಾರವಾಡದಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಅತ್ತೆಯವರು ಗಂಟು ಬಿಚ್ಚಿದರು, ಕತ್ತಿಯನ್ನು ತೆಗೆದು ನನ್ನ ಕೈಯಲ್ಲಿಟ್ಟರು.

“ಆತು, ಇಟ್ಕೊಳ್ಳಿ. ಹೆದ್ರಿಕೆ ಆಗ್ತದೆ ಅಂದಿದ್ರೆ ಸಾಕಿತ್ತು ಅಳಿಯಂದ್ರೆ. ಅದಕ್ಕೆ ಇಷ್ಟೆಲ್ಲ ಮಾತು ಎಂತಕ್ಕೆ” ಎಂದರು.

ಪ್ರತ್ಯುತ್ತರ ನೀಡುವ ಹಕ್ಕು ನನಗಿತ್ತು. ಆದರೆ ಲಾಂಚಿನ ಹೊತ್ತಾಗಿತ್ತು, ಅವರು ಮೆಟ್ಟಿಲಿಳಿದಾಗಿತ್ತು. ನನಗೂ ಮೊದಲು ಕತ್ತಿಯನ್ನು ತೊಟ್ಟಿಲಲ್ಲಿಟ್ಟು ಬರುವ ಅವಸರವಿತ್ತು.