ಕಫನಿಗೆ ಯಾವ ಅತ್ತರು?

ಇಳಕಲ್ಲಿನ ನಮ್ಮ ಅತ್ತರಿನ ಅಂಗಡಿಗೆ ಮದುವೆಗೆ ಹೊರಟವರೂ ಬರುತ್ತಾರೆ, ಮಣ್ಣಿಗೆ ಹೊರಟವರೂ ಬರುತ್ತಾರೆ. ಇಬ್ಬರೂ ಮೂಗನ್ನು ಮನೆಯಲ್ಲಿಟ್ಟು ಬಂದರೆ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ. ನನ್ನ ಮೂಗೂ ಕೆಲವು ದಿನ ಕಾಣೆಯಾಗಿತ್ತು.

ಹತ್ತು ನಿಮಿಷ

ಹುನಗುಂದದ ಕಾಲೇಜು ಮಾಸ್ತರರೊಬ್ಬರು ಕೇದಗೆ ಅತ್ತರು ಕೈಗೆ ಹಚ್ಚಿಸಿಕೊಂಡು ಸುಖವಾಗಿ ಕಣ್ಣು ಮುಚ್ಚಿದರು. ಆಮೇಲೆ ಮೊಬೈಲ್ ತೆಗೆದರು. ಅದರಲ್ಲಿ ಸುಗಂಧಗಳ ವಿಮರ್ಶೆ ಬರೆಯುವ ಹೆಣ್ಣುಮಗಳೊಬ್ಬಳು, ಕೇದಗೆಯಿಂದ ಹತ್ತು ನಿಮಿಷಕ್ಕೆ ತಲೆನೋವು ಎಂದಿದ್ದಳು. ಮಾಸ್ತರರು ಕೈ ಒರೆಸಿಕೊಂಡು, ತಲೆ ಹಿಡಿದುಕೊಂಡೇ ಹೋದರು. ಹತ್ತು ನಿಮಿಷ ಇನ್ನೂ ಆಗಿರಲಿಲ್ಲ.

ಸಂಜೆತನಕ

ನಗುತ್ತಲೇ ನಾನೂ ಆ ಹೆಣ್ಣುಮಗಳು ಬರೆದದ್ದನ್ನು ಓದತೊಡಗಿದೆ. ಚೆಂದ ಬರೆಯುತ್ತಾಳೆ. ಗಂಧದೆಣ್ಣೆಯಲ್ಲಿ ಪೆಟ್ಟಿಗೆಯ ತಳದ ಹಳೆ ಸೀರೆಯ ವಾಸನೆ ಇದೆ ಎಂದಿದ್ದಳು. ಮೂಸಿದರೆ ಖರೇನೇ ಇತ್ತು. ಇಪ್ಪತ್ತು ವರ್ಷ ಮಾರಿದವನಿಗೆ ಅದು ಹೊಳೆದಿರಲಿಲ್ಲ. ಅಂದಿನಿಂದ ಓದದೆ ಮೂಸುವುದನ್ನೇ ಬಿಟ್ಟೆ.

ಒಬ್ಬರು ತಮ್ಮನ ಕಫನಿಗೆ, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆಗೆ, ಅತ್ತರು ಕೇಳಿ ಬಂದರು. ಒಂದು ಶೀಶೆ ತೋರಿಸಿ ಆಕೆಯ ಮಾತನ್ನೇ ಒಪ್ಪಿಸಿದೆ: ಮೊದಲು ಮಲ್ಲಿಗೆ, ಆಮೇಲೆ ಗಂಧ, ಸಂಜೆತನಕ ಘಮ.

"ಸಂಜಿತನಕ ಯಾರಿಗ್ರಿ?" ಎಂದರು ಅವರು. "ಮಧ್ಯಾಹ್ನಕ್ಕ ಮಣ್ಣು ಐತಿ."

ಅಬ್ಬಾ ಮೂಸಿದ್ದು

ಆಮೇಲೆ ನಮ್ಮ ತಂದೆ, ಅಬ್ಬಾ, ಹಾಸಿಗೆ ಹಿಡಿದರು. ಮನೆಗೆ ಕರೆದೊಯ್ಯಿರಿ ಎಂದುಬಿಟ್ಟರು ಡಾಕ್ಟರು. ತಮ್ಮ ಕಫನಿಗೆ ಅತ್ತರು ನಾನೇ ಆರಿಸಬೇಕು, ತಾವು ಇರುವಾಗಲೇ ತೋರಿಸಬೇಕು ಎಂದು ಅಬ್ಬಾ ಹಟ ಹಿಡಿದರು. ಐವತ್ತು ವರ್ಷ ಊರಿನ ಹೆಣಗಳಿಗೆ ಅತ್ತರು ಕೊಟ್ಟವರು. ಅವರದೇ ತಪ್ಪಿದರೆ ಆಮೇಲೆ ಯಾರ ಹತ್ತಿರ ಮಾಫಿ ಕೇಳಲಿ? ಹೆದರಿ, ಮೊಬೈಲಿನ ಆಕೆ ಎಲ್ಲಕ್ಕಿಂತ ಹೆಚ್ಚು ಹೊಗಳಿದ್ದ ಶೀಶೆಯನ್ನೇ ಒಯ್ದೆ: ಮೊದಲ ಮಳೆಗೆ ನೆನೆದ ಮಣ್ಣಿನ ಅತ್ತರು.

ನಮ್ಮ ಮನೆಮಾತು ಉರ್ದು. ಬೈಯಲು ಮಾತ್ರ ಅಬ್ಬಾಗೆ ಕನ್ನಡವೇ ಬೇಕು.

"ಅಲ್ಲಿ ಮಣ್ಣಿನ ವಾಸನಿ ಪುಕ್ಕಟ ಸಿಗ್ತೈತಲೇ. ಫೋನ್ ಇಡು. ನಿನ್ನ ಮೂಗು ಏನಂತೈತಿ?"

ಒಂದೊಂದೇ ಶೀಶೆ ಮೂಸುತ್ತಾ ಹೋದೆ. ಕೇದಗೆಗೆ ಬಂದಾಗ ಅಳು ತಡೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ಈದ್ ಹಬ್ಬದ ಬೆಳಿಗ್ಗೆ ಅಬ್ಬಾ ಅತ್ತರಿನಲ್ಲಿ ಅದ್ದಿ ನನ್ನ ಕಿವಿಯಲ್ಲಿ ಇಡುತ್ತಿದ್ದ ಹತ್ತಿಯ ವಾಸನೆ ಅದು. ಇದೇ ಎಂದೆ, ಆದರೆ ತಲೆನೋವು ಬರುತ್ತದಂತೆ ಎಂದೂ ಹೇಳಿದೆ.

"ತಲಿನೋವು ಬಂದ್ರ ಛಲೋನ ಆತಲ್ಲ," ಎಂದರು ಅಬ್ಬಾ. "ಎದ್ದು ಮನಿಗೆ ಬರ್ತೇನಿ."

ಮೂರು ದಿನಕ್ಕೆ ಹೋದರು. ಕಫನಿಗೆ ಕೇದಗೆಯನ್ನೇ ಹಚ್ಚಿದೆ. ಮಣ್ಣಿಗೆ ಆ ಮಾಸ್ತರರೂ ಬಂದಿದ್ದರು. ತಾವೇ ಒರೆಸಿ ಹೋಗಿದ್ದ ಅತ್ತರಿಗೆ ಮೂಗರಳಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, ಇದು ಯಾವುದು, ಹಚ್ಚಿಕೊಂಡವರು ಏನು ಬರೆದಿದ್ದಾರೆ ಎಂದು ಮೆಲ್ಲಗೆ ಕೇಳಿದರು.

ಕಣ್ಣೊರೆಸಿಕೊಂಡು ಹೇಳಿದೆ, "ಇನ್ನೂ ಯಾರೂ ಹೊಳ್ಳಿ ಬಂದು ಬರೆದಿಲ್ರಿ."