ತುಪ್ಪ ಬರುವವರೆಗೆ

ಊಟ ಮಾಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಅರವತ್ತೆಂಟು ವರ್ಷಗಳಿಂದ ನಂಬಿಕೊಂಡು ಬಂದವನು ನಾನು. ಆದ್ದರಿಂದ ತಮ್ಮನ ಮಗಳು ನಂದಿನಿ ಫೋನ್ ಮಾಡಿ, "ದೊಡ್ಡಪ್ಪ, ನನ್ನ ರೆಸ್ಟೋರೆಂಟ್ ಮೇಲೆ ಡಾಕ್ಯುಮೆಂಟರಿ ತೆಗೀತಿದಾರೆ. ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಬಂದು ಊಟ ಮಾಡೋ ಸೀನ್ ಇದೆ. ನೀವು ಸುಮ್ನೆ ಬಂದು ತಿಂದ್ರೆ ಸಾಕು" ಎಂದಾಗ, ಜೀವನದಲ್ಲಿ ಮೊದಲ ಬಾರಿಗೆ ನನ್ನ ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿತು ಎನಿಸಿತು.

ಆದರೆ ವಿಷಯ ಅಷ್ಟು ಹಗುರವೂ ಆಗಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ನಂದಿನಿ ಬ್ಯಾಂಕ್ ಪರೀಕ್ಷೆ ಬಿಟ್ಟು ಅಡುಗೆ ಓದಲು ಹೊರಟಾಗ, ಎಲ್ಲರೆದುರು, "ಸೌಟು ಹಿಡಿಯೋಕೂ ಸರ್ಟಿಫಿಕೇಟ್ ಬೇಕಾ?" ಎಂದು ಕೇಳಿದ ಮಹಾನುಭಾವ ನಾನೇ. ಅವಳು ಅಂದು ತಲೆ ತಗ್ಗಿಸಿದ್ದಳು. ನಾನೂ ಆ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಅವಳು ಬಸವನಗುಡಿಯ ಒಂದು ಹಳೇ ಬಂಗಲೆಯಲ್ಲಿ ಸ್ವಂತ ರೆಸ್ಟೋರೆಂಟ್ ತೆರೆದಿದ್ದಳು. ಅಲ್ಲಿ ಚೆನ್ನಾಗಿ ಊಟ ಮಾಡಿ, ಕ್ಯಾಮರಾ ಎದುರು ನಾಲ್ಕು ಒಳ್ಳೆಯ ಮಾತಾಡಿ, ಹಳೆಯ ಪಾಪ ತೊಳೆದುಕೊಳ್ಳಬೇಕೆಂದು ತೀರ್ಮಾನಿಸಿದೆ. ಅದಕ್ಕಾಗಿ ಬೆಳಗಿನ ತಿಂಡಿಯನ್ನೂ ತ್ಯಾಗ ಮಾಡಿದೆ.

"ಅಲ್ಲಿ ಚಿಟಿಕೆ ಚಿಟಿಕೆ ಕೊಡ್ತಾರಂತೆ ಕಣ್ರೀ. ಎರಡು ಇಡ್ಲಿ ತಿಂದ್ಕೊಂಡು ಬನ್ನಿ" ಎಂದಳು ನನ್ನ ಹೆಂಡತಿ ಶಾರದೆ.

"ಹೊಟ್ಟೆ ತುಂಬಿಸ್ಕೊಂಡು ಊಟಕ್ಕೆ ಕೂರೋದು ಅಡುಗೆ ಮಾಡಿದೋರಿಗೆ ಅವಮಾನ ಕಣೇ" ಎಂದೆ.

ಅವಳು ನನ್ನ ಪಾಲಿನ ಇಡ್ಲಿಯನ್ನೂ ತಿಂದಳು.

ಬಂಗಲೆಯ ಹಾಲಿನಲ್ಲಿ ಉದ್ದನೆಯ ಮೇಜು. ನಾವು ಎಂಟು ಜನ ಪಂಕ್ತಿಯಲ್ಲಿ ಕೂತ ಹಾಗೆ ಒಂದೇ ಸಾಲಿನಲ್ಲಿ ಕೂತೆವು. ಎಲ್ಲರೆದುರು ಅಗಲವಾದ ಬಿಳಿ ತಟ್ಟೆ, ಅದರ ಮೇಲೆ ಅಂದವಾಗಿ ಕತ್ತರಿಸಿದ ಬಾಳೆಲೆಯ ತುಂಡು. ಚಿತ್ರ ತೆಗೆಯುವಾಕೆ ಕ್ಯಾಮರಾ ಹಿಂದಿನಿಂದ, "ಅಂಕಲ್, ನಿಮ್ಮನೇಲಿ ಹಬ್ಬದ ದಿನ ಹೇಗೆ ಊಟ ಮಾಡ್ತೀರೋ ಹಾಗೇ ಮಾಡಿ. ನ್ಯಾಚುರಲ್ ಆಗಿರಿ" ಎಂದರು. ಅವರು ಹಾಗೆ ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮ ಮನೆಯ ಹಬ್ಬದೂಟಕ್ಕೆ ಎರಡು ನಿಯಮಗಳಿವೆ. ಎಲೆಗೆ ಎಲ್ಲವನ್ನೂ ಬಡಿಸಿ, ಕೊನೆಗೆ ಅನ್ನ ಬಂದು, ಅದರ ಮೇಲೆ ತುಪ್ಪ ಬೀಳುವ ತನಕ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ತುಪ್ಪ ಬಿದ್ದ ಮೇಲೂ ಮನೆಯ ಹಿರಿಯರು ಮೊದಲ ತುತ್ತು ಎತ್ತುವ ತನಕ ಉಳಿದವರು ಎತ್ತುವಂತಿಲ್ಲ. ಈಗ ನಮ್ಮ ಮನೆಗೆ ಹಿರಿಯ ನಾನು.

ಮೊದಲು ಕೋಸಂಬರಿ ಬಂತು. ಎಲೆಯ ಒಂದು ಮೂಲೆಯಲ್ಲಿ ಒಂದೇ ಚಮಚ, ಅದರ ಮೇಲೊಂದು ಹೂವಿನ ಎಸಳು. ಬಡಿಸುವ ಕ್ರಮ ಸರಿಯಾಗಿದೆಯಲ್ಲ ಎಂದು ನನಗೆ ಪರಮಾನಂದವಾಯಿತು. ಕೈ ಕಟ್ಟಿ ಕೂತೆ. ಉಳಿದ ಏಳು ಜನ ನನ್ನ ಮುಖ ನೋಡಿ ಕೈ ಕಟ್ಟಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಬಡಿಸುವಾತ ಬಂದು, ಏನೋ ಕೇಳಲು ಬಾಯಿ ತೆರೆದು, ಕ್ಯಾಮರಾ ಕಂಡು ಬಾಯಿ ಮುಚ್ಚಿಕೊಂಡು, ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದ. ಎಲೆ ಚಿಕ್ಕದಾಯಿತೆಂದು ದೊಡ್ಡದು ತರಲು ಹೋಗಿದ್ದಾನೆ ಎಂದುಕೊಂಡೆ.

ಹೊಸ ತಟ್ಟೆಯಲ್ಲಿ ಪಲ್ಯ ಬಂತು. ನಾಲ್ಕು ಹುರುಳಿಕಾಯಿ, ಪಕ್ಕದಲ್ಲಿ ತೆಂಗಿನಹಾಲಿನ ನೊರೆ. ನಾನು ಕಾದೆ. ನೊರೆ ಕಾಯಲಿಲ್ಲ, ಇಳಿದುಹೋಯಿತು. ಆ ತಟ್ಟೆಯೂ ಒಳಗೆ ಹೋಯಿತು.

"ಶುರು ಮಾಡ್ರೀ" ಎಂದು ಶಾರದೆ ಪಿಸುಗುಟ್ಟಿದಳು.

"ಅನ್ನ ಬಂದಿಲ್ಲ, ತುಪ್ಪ ಬಂದಿಲ್ಲ. ಕ್ಯಾಮರಾ ಮುಂದೆ ಊಟ ಕಾಣದೋರ ಥರ ಬಾಯಿ ಹಾಕೋದಾ?"

"ನಿಮ್ಮ ಹೊಟ್ಟೆ ಗುರ್ ಅಂತಿರೋದು ಆ ಕ್ಯಾಮರಾಗೂ ಕೇಳಿಸ್ತಿದೆ."

ಮೂರನೆಯದು ಪುಟ್ಟ ಬಟ್ಟಲಿನಲ್ಲಿ ಕುಂಬಳಕಾಯಿ ಹುಳಿ. ಅದರ ಘಮಕ್ಕೆ ತಡೆಯಲಾರದೆ ನನ್ನ ಮೊಮ್ಮಗಳು ಚಮಚ ಎತ್ತಿದಳು. ನಾನು ಒಂದು ನೋಟ ನೋಡಿದೆ. ಚಮಚ ಕೆಳಗಿಳಿಯಿತು. ಆ ಮಗು ಇಂದಿಗೂ ನನ್ನನ್ನು ಕ್ಷಮಿಸಿಲ್ಲ. ಅಷ್ಟರಲ್ಲಿ ಕ್ಯಾಮರಾ ನನ್ನ ಹತ್ತಿರಕ್ಕೇ ಬಂತು. ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವಾಗ ಯೋಚಿಸಿಟ್ಟಿದ್ದ ಮಾತನ್ನು ಗಂಟಲು ಸರಿಮಾಡಿಕೊಂಡು ಹೇಳಿಬಿಟ್ಟೆ: "ಸಂಯಮವೇ ಊಟದ ಮೊದಲ ರುಚಿ!"

ಹುಳಿಯೂ ಒಳಗೆ ಹೋಯಿತು. ಅದರ ಹಿಂದೆಯೇ ನಂದಿನಿ ಹೊರಗೆ ಬಂದಳು. ಬಿಳಿ ಏಪ್ರನ್ನಿನ ಅಂಚನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಚೆನ್ನಾಗಿಲ್ವಾ ದೊಡ್ಡಪ್ಪ?"

"ಗೊತ್ತಿಲ್ಲಮ್ಮ. ಇನ್ನೂ ತಿಂದಿಲ್ವಲ್ಲ."

"ಮೂರು ಸಲ ತುಂಬಿದ ತಟ್ಟೆ ಹಾಗೇ ಒಳಗೆ ಬಂತು. ಒಬ್ಬರೂ ಮುಟ್ಟಿಲ್ಲ." ಅವಳು ನನ್ನ ಎದುರಿಗೇ ಬಂದು ನಿಂತಳು. "ಆವತ್ತು ಅಂದಿದ್ದನ್ನ ಇನ್ನೂ ಮನಸ್ಸಲ್ಲಿಟ್ಕೊಂಡಿದೀರಾ? ಇದು ಇವತ್ತಿಗೂ ಬರೀ ಸೌಟು ಹಿಡಿಯೋ ಕೆಲಸಾನಾ ನಿಮಗೆ?"

ಹನ್ನೆರಡು ವರ್ಷ ಅವಳು ಆ ಮಾತನ್ನು ಮರೆತಿರಲಿಲ್ಲ. ಪಾಪ ತೊಳೆಯಲು ಬಂದವನು ಅದರ ಮೇಲೆ ಇನ್ನಷ್ಟು ಮಸಿ ಬಳಿದಿದ್ದೆ.

"ಅಯ್ಯೋ, ಇಲ್ಲ ಕಣಮ್ಮ. ತುಪ್ಪ ಬರಲಿ ಅಂತ ಕಾಯ್ತಿದ್ದೆ" ಎಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ದೊಡ್ಡಪ್ಪ, ಇಲ್ಲಿ ಒಂದೊಂದೇ ಬರುತ್ತೆ. ಒಂದು ತಿಂದ್ಮೇಲೆ ಇನ್ನೊಂದು. ಅನ್ನ ಬರೋದು ಎಂಟನೇದು."

ಎಂಟನೆಯದು! ಶಾರದೆ ನನ್ನ ಕಡೆ ತಿರುಗಲೇ ಇಲ್ಲ. ತಿರುಗುವ ಅಗತ್ಯವೂ ಇರಲಿಲ್ಲ.

ನಂದಿನಿ ಒಳಗೆ ಹೋಗಿ ತಾನೇ ಅನ್ನದ ಪಾತ್ರೆ ಹಿಡಿದು ಬಂದಳು. ಕೋಸಂಬರಿ, ಪಲ್ಯ, ಹುಳಿ ಎಲ್ಲವನ್ನೂ ಒಂದೇ ತಟ್ಟೆಗೆ ಬಡಿಸಿದಳು. ಅವಳ ಒಂಬತ್ತು ಹಂತದ ಊಟದ ಕಲಾಕೃತಿ ಅಲ್ಲಿಗೆ ಮುಗಿಯಿತು. ಕೊನೆಗೆ ನನ್ನ ಅನ್ನದ ಮೇಲೆ ತುಪ್ಪ ಹಾಕಿ, "ಈಗ ಶುರು ಮಾಡಿ" ಎಂದು ಅಲ್ಲೇ ನಿಂತಳು.

ಮೊದಲ ತುತ್ತು ಬಾಯಿಗಿಟ್ಟೆ. ನಮ್ಮಮ್ಮನ ಹುಳಿಯ ಹದವೇ. ಆದರೆ ಅದರಲ್ಲಿ ಅಮ್ಮನಿಗೆ ಗೊತ್ತಿಲ್ಲದ ಏನೋ ಒಂದು ಇತ್ತು, ಅದು ನಂದಿನಿಯದು. ಹೊಗಳಲೆಂದು ಕಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಆವತ್ತು ನಾನು ಅಂದಿದ್ದು ತಪ್ಪು ಕಣಮ್ಮ" ಎಂದೆ. ಆಮೇಲೆ, "ಇನ್ನೊಂಚೂರು ಹುಳಿ ಹಾಕು" ಎಂದೆ.

ಅಂಥ ರೆಸ್ಟೋರೆಂಟುಗಳಲ್ಲಿ ಎರಡನೇ ಸಲ ಬಡಿಸುವ ಪದ್ಧತಿ ಇಲ್ಲವಂತೆ. ನಂದಿನಿ ಸೌಟು ತರಲು ಓಡಿದಳು.

ಮೂರು ತಿಂಗಳ ನಂತರ ಡಾಕ್ಯುಮೆಂಟರಿ ಪ್ರದರ್ಶನವಾಯಿತು. ಪಾರ್ಕಿನಲ್ಲಿ ಜೊತೆಗೆ ವಾಕ್ ಮಾಡುವ ಗೆಳೆಯರನ್ನೆಲ್ಲ ಹೆಮ್ಮೆಯಿಂದ ಕರೆದುಕೊಂಡು ಹೋದೆ. ಪರದೆಯ ಮೇಲೆ ನನ್ನ ಗಂಭೀರವಾದ ದನಿ ಮೊಳಗಿತು: "ಸಂಯಮವೇ ಊಟದ ಮೊದಲ ರುಚಿ." ಆ ದನಿಯ ಹಿಂದೆ ಕಂಡದ್ದು, ನಾನು ಮೂರನೇ ಸಲ ಹುಳಿಗೆ ತಟ್ಟೆ ಚಾಚುತ್ತಿರುವ ದೃಶ್ಯ. ಸಭಾಂಗಣದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಮೊಮ್ಮಗಳು.

ಈಗ ತಿಂಗಳಿಗೊಮ್ಮೆ ನಂದಿನಿ ನಮ್ಮನ್ನು ಊಟಕ್ಕೆ ಕರೆಯುತ್ತಾಳೆ. ಅಲ್ಲಿ ಬೇರೆಯವರಿಗೆಲ್ಲ ಕೂತ ತಕ್ಷಣ ನೀರು ತಂದಿಡುತ್ತಾರೆ. ನನ್ನ ಮುಂದೆ ಮಾತ್ರ ಮೊದಲು ತುಪ್ಪ ತಂದಿಡುತ್ತಾರೆ.